ಗಾಜಿನ ಹೆಂಚಿನ ಕೆಳಗೆ ಕತ್ತಲು

ರೆಂಡರ್ ಚೆನ್ನಾಗಿ ಬಂತು ಅಂದ್ರೆ ಸರಿಯಾಗಿ ಬಂತು ಅಂತಲ್ಲ. ಇದನ್ನ ನಾವು ಯಾವ ಲ್ಯಾಬಿನಲ್ಲೂ ಕಲಿತದ್ದಲ್ಲ, ಗೆಳೆಯನ ಅಜ್ಜಿಯ ಹತ್ರ ಬೈಸ್ಕೊಂಡು ಕಲಿತದ್ದು.

ನಮ್ಮ ಗುಂಪಿನಲ್ಲಿ ನಾಲ್ಕು ಜನ. ಇಬ್ಬರು ಕಂಪ್ಯೂಟರ್ ಸೈನ್ಸ್, ಒಬ್ಬಳು ಸಿವಿಲ್, ಒಬ್ಬ ಮೆಕ್ಯಾನಿಕಲ್. ಮೆಕ್ಯಾನಿಕಲ್‌ನವನ ಊರು ತೀರ್ಥಹಳ್ಳಿ ಹತ್ರ. ಹಳೇ ಮನೆ, ಮಂಗಳೂರು ಹೆಂಚಿನ ಮಾಡು, ಅಡಿಗೆಮನೆ ಮೇಲೆ ಎರಡು ಗಾಜಿನ ಹೆಂಚು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳೋದಾದ್ರೆ, ಅದೇ ಅಳತೆ, ಅದೇ ಆಕಾರದ ಹೆಂಚು, ಆದರೆ ಮಣ್ಣಿನ ಬದಲು ಗಾಜಿನದ್ದು. ಹಗಲು ಹೊತ್ತು ಲೈಟು ಹಾಕೋದೇ ಬೇಡ.

ಆ ಮನೇಲಿ ಒಂದು ಜಗಳ ನಡೀತಾ ಇತ್ತು. ಮಂಗಗಳು ಹೆಂಚು ಒಡೀತಾವೆ, ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತೋಕೆ ಆಳು ಸಿಗೋದಿಲ್ಲ, ಹೆಂಚು ತೆಗೆದು ತಾರಸಿ ಹಾಕಿಬಿಡೋಣ ಅಂತ ದೊಡ್ಡಪ್ಪ. ಬೇಡ ಅಂತ ಅಜ್ಜಿ. ದೊಡ್ಡಪ್ಪ ನಮಗೆ ಫೋನಲ್ಲಿ ಹೇಳಿದ್ರು: "ನೀವೆಲ್ಲ ಎಂಜಿನಿಯರಿಂಗ್ ಓದೋರಲ್ವಾ? ಈಗ ಹ್ಯಾಗುಂಟು, ತಾರಸಿ ಹಾಕಿದ್ರೆ ಹ್ಯಾಗೆ ಕಾಣ್ತದೆ, ಎರಡೂ ಕಂಪ್ಯೂಟರಲ್ಲಿ ಮಾಡಿ ತೋರ್ಸಿ. ಅಮ್ಮನಿಗೂ ಅರ್ಥ ಆಗ್ಲಿ."

ನಾವು ಹಿಗ್ಗಿ ಹೋದೆವು. ನಮ್ಮ ಕೆಲಸ ನೋಡಿ ಯಾರೋ ನಿಜವಾಗ್ಲೂ ಒಂದು ನಿರ್ಧಾರ ತಗೊಳ್ತಾರೆ ಅನ್ನೋದು ನಮ್ಮ ಪಾಲಿಗೆ ಅದೇ ಮೊದಲು. ಕಾಲೇಜಲ್ಲಿ ಮಾಡಿದ ಮಾಡೆಲ್‌ಗಳಿಗೆ ಮಾರ್ಕ್ಸ್ ಬರ್ತವೆ, ಆಮೇಲೆ ಅವು ಪೆನ್‌ಡ್ರೈವ್‌ನಲ್ಲಿ ಸಾಯ್ತವೆ.

ಗೋಡೆ, ಬಾಗಿಲು, ಕಿಟಕಿಗಳಿಗೆ ಸ್ವೀಟ್ ಹೋಮ್ 3ಡಿ ಆರಿಸಿಕೊಂಡೆವು. ಎಮ್ಯಾನುಯೆಲ್ ಪ್ಯುಬರೆ ಅನ್ನೋ ಫ್ರೆಂಚ್ ಪ್ರೋಗ್ರಾಮರ್ 2006ರಿಂದ ನಡೆಸಿಕೊಂಡು ಬಂದಿರೋ ಉಚಿತ, ಮುಕ್ತ ತಂತ್ರಾಂಶ ಅದು. ಹಳೇ ಲ್ಯಾಪ್‌ಟಾಪಿನಲ್ಲೂ ಓಡ್ತದೆ. ಒಂದೇ ವಿಷಯ ಅಂದ್ರೆ, ಅದರಲ್ಲಿ ಗೋಡೆ ಎಳೆದ ಹಾಗೆ ಮಾಡು ಎಳೆಯೋ ಸಾಧನ ಇಲ್ಲ. ಪ್ಲಗಿನ್ ಹಾಕ್ಬೇಕು, ಇಲ್ಲಾ ಮಾಡನ್ನೇ ಒಂದು ಪೀಠೋಪಕರಣದ ತರಹ ಹೊರಗಿಂದ ತಂದು ಗೋಡೆ ಮೇಲೆ ಕೂರಿಸ್ಬೇಕು. ನಾವು ಬ್ಲೆಂಡರ್‌ನಲ್ಲಿ ಮಾಡು ಮಾಡಿ, ಒಬಿಜೆ ಫೈಲಾಗಿ ತಂದು ಇಟ್ಟೆವು.

ಇಟ್ಟರೆ, ಅರ್ಧ ಮಾಡು ಇದೆ, ಇನ್ನರ್ಧ ಇಲ್ಲ.

ಪೂರ್ವದ ಇಳಿಜಾರು ಚೆನ್ನಾಗಿ ಕಾಣ್ತದೆ. ಪಶ್ಚಿಮದ್ದು ಪೂರ್ತಿ ಮಾಯ. ಮೇಲಿಂದ ನೋಡಿದ್ರೆ ಜಗಲಿ, ಅಡಿಗೆಮನೆ ಎಲ್ಲ ಬಯಲು. ತಿರುಗಿಸಿ ಒಳಗಿಂದ ನೋಡಿದ್ರೆ ಉಲ್ಟಾ: ಮಾಯವಾಗಿದ್ದದ್ದು ಕಾಣ್ತದೆ, ಕಾಣ್ತಿದ್ದದ್ದು ಮಾಯ. ಆಮೇಲೆ ನಾವು ಏನು ಮಾಡಿದೆವು ಅಂತ ಹೇಳೋಕೆ ನಾಚಿಕೆ ಆಗ್ತದೆ, ಆದರೂ ಹೇಳ್ತೇವೆ, ಯಾಕಂದ್ರೆ ನೀವೂ ಅದನ್ನೇ ಮಾಡ್ತೀರಿ. ಗೋಡೆಯ ಪಾರದರ್ಶಕತೆಯ ಸ್ಲೈಡರ್ ಎಳೆದೆವು. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿದೆವು. ತಂತ್ರಾಂಶ ತೆಗೆದು ಮತ್ತೆ ಹಾಕಿದೆವು. ಒಂದು ವಿಡಿಯೋದಲ್ಲಿ ಹೇಳಿದ ಹಾಗೆ ಐದು ಸೆಟಿಂಗ್ ಒಟ್ಟಿಗೆ ಬದಲಾಯಿಸಿದೆವು. ಐದು ಒಟ್ಟಿಗೆ ಬದಲಾಯಿಸಿದ ಮೇಲೆ ಸರಿಯಾದ್ರೂ ಯಾವುದರಿಂದ ಸರಿಯಾಯ್ತು ಗೊತ್ತಾಗೋದಿಲ್ಲ, ಕೆಟ್ಟರೂ ಗೊತ್ತಾಗೋದಿಲ್ಲ. ಲ್ಯಾಬಿನಲ್ಲಿ ಒಂದು ಸರ್ಕ್ಯೂಟಿಗೆ ಹೀಗೆ ಮಾಡಿದ್ರೆ ಹೊರಗೆ ಕಳಿಸ್ತಾರೆ. ಸಾಫ್ಟ್‌ವೇರ್ ಮುಂದೆ ಕೂತ ಕೂಡ್ಲೆ ನಾವೆಲ್ಲ ಯಾಕೋ ಮಂತ್ರವಾದಿಗಳಾಗಿಬಿಡ್ತೇವೆ.

ಒಂದು ದಿನ ಹೀಗೇ ಹೋದ ಮೇಲೆ ಸಿವಿಲ್‌ನವಳು ಕೇಳಿದ್ದು: "ಆ ಫೈಲಲ್ಲಿ ಏನಿದೆ ಅಂತ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರ್ಲಿಲ್ಲ. ಒಬಿಜೆ ಅನ್ನೋದು ಬರೀ ಅಕ್ಷರ, ಅಂಕಿಗಳ ಫೈಲು. ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. 'ವಿ' ಅಂತ ಶುರುವಾಗೋ ಸಾಲು ಒಂದೊಂದು ಬಿಂದು, 'ವಿಟಿ' ಅಂದ್ರೆ ಟೆಕ್ಸ್ಚರ್ ಚಿತ್ರದಲ್ಲಿ ಆ ಬಿಂದುವಿನ ಜಾಗ, 'ಎಫ್' ಅಂದ್ರೆ ಯಾವ ಯಾವ ಬಿಂದು ಸೇರಿ ಒಂದು ಮುಖ ಆಗ್ತದೆ ಅನ್ನೋದು. ನಮ್ಮ ಮಾಡಿನಲ್ಲಿ ಇದ್ದದ್ದೇ ಎರಡು ಇಳಿಜಾರು, ಪೂರ್ತಿ ಫೈಲು ಒಂದು ಪರದೆಯೊಳಗೆ ಬಂತು. ಒಂದು ಮುಖದ ಬಿಂದುಗಳನ್ನು ಬರೆದ ಕ್ರಮದಲ್ಲೇ ಬಲಗೈ ಬೆರಳು ಸುತ್ತಿ ನೋಡಿ. ಹೆಬ್ಬೆಟ್ಟು ಯಾವ ಕಡೆ ನಿಲ್ತದೋ ಅದು ಆ ಮುಖದ ಎದುರು ಬದಿ. ಪಿಯುಸಿಯಲ್ಲಿ ಕ್ರಾಸ್ ಪ್ರಾಡಕ್ಟ್‌ಗೆ ಕಲಿತದ್ದೇ ಇದು. ನಾವು ಒಂದು ಇಳಿಜಾರು ಮಾಡಿ, ಅದನ್ನೇ ಕನ್ನಡಿಯಲ್ಲಿ ಹಿಡಿದ ಹಾಗೆ ಇನ್ನೊಂದು ಕಡೆಗೆ ತಿರುಗಿಸಿದ್ದೆವು. ಕನ್ನಡಿಯಲ್ಲಿ ಬಲಗೈ ಎಡಗೈ ಆಗ್ತದಲ್ಲ, ಹಾಗೆ ಬಿಂದುಗಳ ಸುತ್ತು ಉಲ್ಟಾ ಆಗಿತ್ತು. ಎದುರು ಬದಿ ಮನೆಯೊಳಗೆ ನೋಡ್ತಿತ್ತು. ಹಿಂಬದಿಯನ್ನು ಬಿಡಿಸೋ ಕೆಲಸ ಉಳಿಸೋದು 3ಡಿ ಚಿತ್ರಣದಲ್ಲಿ ಹಳೇ ಪದ್ಧತಿ. ಸ್ವೀಟ್ ಹೋಮ್‌ನಲ್ಲಿ ಕೋಣೆಗೆ ಚಾವಣಿ ಇದ್ರೂ ಮೇಲಿಂದ ನೋಡುವಾಗ ಕೋಣೆಯೊಳಗೆ ಕಾಣೋದು ಇದೇ ಉಪಾಯದಿಂದ. ತಂತ್ರಾಂಶ ಸರಿಯಾಗೇ ಇತ್ತು.

ಇಲ್ಲಿ ನಮ್ಮಲ್ಲೇ ಒಂದು ವಾದ ಆಯ್ತು. ಮಾದರಿ ಆಮದು ಮಾಡುವಾಗ ಹಿಂಬದಿಯನ್ನೂ ತೋರಿಸು ಅಂತ ಒಂದು ಟಿಕ್ ಬಾಕ್ಸ್ ಇದೆ. ಅದನ್ನು ಒತ್ತಿದ್ರೆ ಮಾಡು ಬಂದುಬಿಡ್ತದೆ. "ಬಂತಲ್ಲ, ಬಿಡ್ರೋ, ನಾಡಿದ್ದು ಇಂಟರ್ನಲ್ಸ್ ಇದೆ" ಅಂದ ನಮ್ಮಲ್ಲೊಬ್ಬ. ಅವನ ಮಾತಲ್ಲೂ ಹುರುಳಿದೆ. ಬರೀ ಮನೆಯ ನಕ್ಷೆ ನೋಡೋಕೆ ಅಷ್ಟು ಸಾಕು. ಆದರೆ ಮುಖದ ದಿಕ್ಕು ಬರೀ ಕಾಣೋದು ಕಾಣದಿರೋದರ ಪ್ರಶ್ನೆ ಅಲ್ಲ, ಬೆಳಕಿನ ಲೆಕ್ಕವೂ ಅದರ ಮೇಲೇ ನಿಂತಿದೆ. ಬೆಳಕು ಎಷ್ಟು ಓರೆಯಾಗಿ ಬಿತ್ತು ಅಂತ ಅಳೆಯೋದೇ ಆ ಹೆಬ್ಬೆಟ್ಟಿನ ದಿಕ್ಕಿನಿಂದ. ನಮಗೆ ಬೇಕಿದ್ದದ್ದೇ ಬೆಳಕು. ಬ್ಲೆಂಡರ್‌ನಲ್ಲಿ ಮುಖದ ದಿಕ್ಕನ್ನು ಬಣ್ಣದಲ್ಲಿ ತೋರಿಸೋ ಸೌಲಭ್ಯ ಇದೆ, ಹೊರಗೆ ನೋಡೋದು ನೀಲಿ, ಒಳಗೆ ನೋಡೋದು ಕೆಂಪು. ಕೆಂಪಿದ್ದದ್ದನ್ನು ಶಿಫ್ಟ್ ಎನ್ ಒತ್ತಿ ತಿರುಗಿಸಿದೆವು. ಎರಡು ನಿಮಿಷದ ಕೆಲಸ. ಅದಕ್ಕೂ ಮುಂಚೆ ಒಂದು ಇಡೀ ದಿನ ಕಳೆದಿದ್ದೆವು.

ಆಮೇಲೆ ಹೆಂಚಿನ ಟೆಕ್ಸ್ಚರ್. ಊರಿಂದ ಫೋಟೋ ತರಿಸಿ, ನಾಲ್ಕು ಹೆಂಚು ಅಗಲ, ನಾಲ್ಕು ಸಾಲು ಎತ್ತರ ಕತ್ತರಿಸಿ ಹಾಕಿದೆವು. ಅದರಲ್ಲೇ ಒಂದು ಹೆಂಚನ್ನು ಗಾಜಿನದ್ದು ಮಾಡೋಣ ಅಂತ ಆ ಜಾಗದಲ್ಲಿ ಚಿತ್ರವನ್ನು ಪಾರದರ್ಶಕ ಮಾಡಿದೆವು. ಟೆಕ್ಸ್ಚರ್ ಅನ್ನೋದು ಬಟ್ಟೆಯ ಮೇಲಿನ ಅಚ್ಚಿನ ಹಾಗೆ ಮತ್ತೆ ಮತ್ತೆ ಬರ್ತದೆ ಅನ್ನೋದು ನಮ್ಮ ತಲೆಗೇ ಹೋಗ್ಲಿಲ್ಲ. ಹದಿನಾರು ಹೆಂಚಿಗೆ ಒಂದರಂತೆ ಇಡೀ ಮಾಡು ತೂತು. ಮೆಕ್ಯಾನಿಕಲ್‌ನವನು ನೋಡಿ, "ಮಂಗಗಳು ಕೂಡ ಇಷ್ಟು ನೀಟಾಗಿ ಒಡೆಯೋದಿಲ್ಲ ಮಾರಾಯ್ರೆ" ಅಂದ. ಅದೇ ಚಿತ್ರವನ್ನು ಮೊಬೈಲಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದಾಗ ಅದು ಪಿಎನ್‌ಜಿಯಿಂದ ಜೆಪಿಜಿ ಆಗಿ, ತೂತುಗಳೆಲ್ಲ ಬಿಳಿ ಚೌಕ ಆದವು. ಜೆಪಿಜಿಯಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ. ಪ್ರಾಜೆಕ್ಟ್ ಫೈಲನ್ನ ಫೋಟೋ ಅಂತ ಕಳಿಸ್ಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಕೊನೆಗೆ ಆ ಎರಡು ಹೆಂಚಿನ ಜಾಗ ಬಿಟ್ಟು ಮಾಡನ್ನು ಕತ್ತರಿಸಿ, ಅಲ್ಲಿ ಬೇರೆಯೇ ಎರಡು ಮುಖ ಇಟ್ಟು, ಅವಕ್ಕೆ ಬೇರೆ ಮೆಟೀರಿಯಲ್ ಕೊಟ್ಟೆವು. ಮೊದಲೇ ಹಾಗೆ ಮಾಡ್ಬೇಕಿತ್ತು, ನಿಜವಾದ ಮಾಡಿನಲ್ಲೂ ಗಾಜಿನ ಹೆಂಚು ಬೇರೆ ವಸ್ತುವೇ ತಾನೆ.

ಅಳತೆಯದ್ದು ಇನ್ನೊಂದು ಕಥೆ. ಟೆಕ್ಸ್ಚರ್ ಆಮದು ಮಾಡುವಾಗ ಈ ಚಿತ್ರ ನಿಜದಲ್ಲಿ ಎಷ್ಟು ಅಗಲ ಅಂತ ತಂತ್ರಾಂಶ ಕೇಳ್ತದೆ. ನಾವು ಅಂದಾಜಿಗೆ ಎರಡು ಮೀಟರ್ ಅಂತ ಕೊಟ್ಟೆವು. ಚಿತ್ರ ಚೆಂದವೇ ಕಾಣ್ತಿತ್ತು. ಊರಿಗೆ ಕಳಿಸಿದಾಗ ದೊಡ್ಡಪ್ಪ, "ನಮ್ಮ ಮಾಡಲ್ಲಿ ಹದಿನೈದು ಸಾಲು ಉಂಟು, ಇದ್ರಲ್ಲಿ ಆರೇ ಉಂಟಲ್ಲ" ಅಂದ್ರು. ಹೆಂಚಿಗೆ ಟೇಪು ಹಿಡಿಸಿದೆವು. ಒಂದರ ಮೇಲೊಂದು ಹೊದೆಸಿದ ಮೇಲೆ ಹೊರಗೆ ಕಾಣೋದು ಸುಮಾರು 32 ಸೆಂಟಿಮೀಟರ್ ಉದ್ದ, 21 ಅಗಲ. ಅಂದ್ರೆ ಚದರ ಮೀಟರಿಗೆ ಹತ್ತಿರ ಹತ್ತಿರ 15 ಹೆಂಚು. ನಮ್ಮ ನಾಲ್ಕು ಹೆಂಚಿನ ಚಿತ್ರದ ಅಗಲ 84 ಸೆಂಟಿಮೀಟರ್ ಇರಬೇಕಿತ್ತು. ನಮ್ಮ ಲೆಕ್ಕದಲ್ಲಿ ಒಂದೊಂದು ಹೆಂಚು ಅರ್ಧ ಮೀಟರ್ ಅಗಲ, ಮುಕ್ಕಾಲು ಮೀಟರ್ ಉದ್ದ ಆಗಿತ್ತು. ಅಂಥ ಹೆಂಚನ್ನ ಮಾಡಿನ ಮೇಲೆ ಹೊತ್ತು ಹಾಕೋಕೆ ಇಬ್ಬರು ಬೇಕು. ನಾಲ್ಕು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ವಾರ ಆ ಚಿತ್ರ ನೋಡಿದ್ದೆವು, ಒಬ್ಬರಿಗೂ ಸಾಲು ಎಣಿಸ್ಬೇಕು ಅನ್ನಿಸ್ಲಿಲ್ಲ.

ಗಾಜಿಗೆ ಮೊದಲು ಇಂಟರ್‌ನೆಟ್ಟಿಂದ ಇಳಿಸಿದ ಒಂದು ಉಚಿತ ಮೆಟೀರಿಯಲ್ ಹಾಕಿದ್ದೆವು. ಒಂದು ತಂತ್ರಾಂಶದಲ್ಲಿ ಅದು ಗಟ್ಟಿ ಹಲಗೆ ತರಹ ಕಂಡ್ರೆ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಈ ಸಲ ಬುದ್ಧಿ ಬಂದಿತ್ತು, ಸೀದಾ ಫೈಲು ತೆರೆದೆವು. ಒಬಿಜೆ ಜೊತೆ ಬರೋ ಎಂಟಿಎಲ್ ಫೈಲಿನಲ್ಲಿ ಪಾರದರ್ಶಕತೆಯನ್ನ ಎರಡು ರೀತಿ ಬರೀತಾರೆ. 'ಡಿ' ಅಂದ್ರೆ ಎಷ್ಟು ಗಟ್ಟಿ, 1 ಇದ್ರೆ ಪೂರ್ತಿ ಗಟ್ಟಿ. 'ಟಿಆರ್' ಅಂದ್ರೆ ಎಷ್ಟು ಪಾರದರ್ಶಕ, 1 ಇದ್ರೆ ಪೂರ್ತಿ ಮಾಯ. ಒಂದಕ್ಕೊಂದು ತಲೆಕೆಳಗು. ಕೆಲವು ಪ್ರೋಗ್ರಾಂಗಳು ಟಿಆರ್ ಅಂತ ಬರೆದು ಅರ್ಥ ಮಾತ್ರ ಡಿ ಇಟ್ಟುಕೊಳ್ತವೆ. ನಮ್ಮದು 'ಟಿಆರ್ 1' ಅಂತಿತ್ತು. ಅದನ್ನ ಅಳಿಸಿ ಡಿ 0.3 ಅಂತ ಕೈಯಲ್ಲೇ ಬರೆದೆವು. ಅದೇ ಫೈಲಿನಲ್ಲಿ ಟೆಕ್ಸ್ಚರ್ ಚಿತ್ರದ ವಿಳಾಸವೂ ಇರ್ತದೆ. ಯಾರದೋ ಸಿ ಡ್ರೈವ್, ಯಾರದೋ ಡೆಸ್ಕ್‌ಟಾಪ್ ಅಂತ ಪೂರ್ತಿ ವಿಳಾಸ ಇದ್ರೆ ನಿಮ್ಮ ಕಂಪ್ಯೂಟರಲ್ಲಿ ಚಿತ್ರ ಸಿಗೋದಿಲ್ಲ. ಬ್ಲೆಂಡರ್ ಆಗ ಕಣ್ಣಿಗೆ ಚುಚ್ಚೋ ಗುಲಾಬಿ ಬಣ್ಣ ತೋರಿಸ್ತದೆ. ಅದು ಬೈಗುಳ ಅಲ್ಲ, ಉಪಕಾರ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಅಷ್ಟು ಸ್ಪಷ್ಟವಾಗಿ ಹೇಳೋರು ಕಡಿಮೆ.

ಇಷ್ಟೆಲ್ಲ ಆದ ಮೇಲೆ ಮನೆಯನ್ನ ಒಬಿಜೆ ಆಗಿ ಹೊರತೆಗೆದು, ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ಎರಡು ಫೋಟೋ ಮಾಡಿದೆವು. ಅಕ್ಷಾಂಶ, ರೇಖಾಂಶ ಕೊಟ್ಟು, ಬೆಳಿಗ್ಗೆ ಹತ್ತು ಗಂಟೆಯ ಸೂರ್ಯನನ್ನು ಇಟ್ಟೆವು. ಗಾಜಿನ ಹೆಂಚಿಗೆ ಒಳ್ಳೇ ಗ್ಲಾಸ್ ಮೆಟೀರಿಯಲ್, ವಕ್ರೀಭವನ, ಹೊಳಪು ಎಲ್ಲ. ಒಂದು ಚಿತ್ರ ಹೆಂಚಿನ ಅಡಿಗೆಮನೆ. ಇನ್ನೊಂದು ತಾರಸಿ ಹಾಕಿ, ಪೂರ್ವದ ಗೋಡೆಗೆ ದೊಡ್ಡ ಕಿಟಕಿ ಇಟ್ಟ ಅಡಿಗೆಮನೆ. ಇಡೀ ರಾತ್ರಿ ಲ್ಯಾಪ್‌ಟಾಪ್ ಓಡಿಸಿ, ಬೆಳಿಗ್ಗೆ ಎರಡನ್ನೂ ಕಳಿಸಿದೆವು. ಸುಳ್ಳು ಹೇಳೋದಿಲ್ಲ, ನಮ್ಮ ಜೀವಮಾನದ ಅತ್ಯುತ್ತಮ ರೆಂಡರ್. ಸ್ಟೇಟಸ್‌ಗೂ ಹಾಕಿಕೊಂಡೆವು.

ಸಂಜೆ ಫೋನು. ದೊಡ್ಡಪ್ಪ ಖುಷಿಯಲ್ಲಿದ್ರು. "ನೋಡಿದ್ಯನಾ? ಕಂಪ್ಯೂಟರೇ ಹೇಳ್ತಾ ಉಂಟು. ಹೆಂಚಿನ ಅಡಿಗೆಮನೆ ಕತ್ತಲೆ ಗವಿ. ತಾರಸಿದು ಬೆಳ್ಳಗೆ ಬೆಳಕು. ಇನ್ನು ಎಂಥ ಮಾತಾಡೂದುಂಟು?"

ಹಿಂದಿಂದ ಅಜ್ಜಿಯ ದನಿ: "ಫೋನು ಕೊಡು ಇಲ್ಲಿ." ಆಮೇಲೆ ಮೊಮ್ಮಗನಿಗೆ: "ಅಲ್ಲ ಮಾರಾಯ, ನೀ ಈ ಮನೇಲೇ ಹುಟ್ಟಿ ಬೆಳೆದವ್ನು ಅಲ್ವನಾ? ಹತ್ತು ಗಂಟೆಗೆ ಒಲೆ ಹತ್ರ ಬಿಸಿಲಿನ ಚೌಕ ಬೀಳ್ತದೆ, ಅದ್ರಲ್ಲೇ ನಾ ಹಪ್ಪಳದ ಹಿಟ್ಟು ಇಡೂದು. ಎಲ್ಲುಂಟು ಅದು ನಿನ್ನ ಫೋಟೋದಲ್ಲಿ? ಇದು ನಮ್ಮನೆ ಅಲ್ಲ."

ಫೋನಿಟ್ಟ ಮೇಲೆ ನಾಲ್ಕು ಜನವೂ ಸುಮ್ಮನೆ ಕೂತೆವು. ನಾವು ಚಿತ್ರ ನೋಡಿದ್ದೆವು, ಗಾಜಿನ ಹೆಂಚು ಹೊಳೀತಿತ್ತು, ಅದರಲ್ಲಿ ಆಕಾಶವೂ ಕಾಣ್ತಿತ್ತು. ಕೆಳಗೆ ನೆಲದ ಮೇಲೆ ಬಿಸಿಲೇ ಇಲ್ಲ ಅನ್ನೋದನ್ನ ನಮ್ಮಲ್ಲಿ ಒಬ್ಬರೂ ಗಮನಿಸಿರ್ಲಿಲ್ಲ.

ಕಾರಣ ಹೀಗೆ. ನೆಲದ ಒಂದು ಬಿಂದುವಿಗೆ ಬಿಸಿಲು ಬೀಳ್ತದಾ ಅಂತ ತಿಳಿಯೋಕೆ ರೆಂಡರರ್ ಅಲ್ಲಿಂದ ಸೂರ್ಯನ ಕಡೆ ಒಂದು ನೇರ ಗೆರೆ ಎಳೀತದೆ. ಅದಕ್ಕೆ ನೆರಳಿನ ಕಿರಣ ಅಂತ ಹೆಸರು. ದಾರಿಯಲ್ಲಿ ಏನಾದ್ರೂ ಅಡ್ಡ ಬಂದ್ರೆ ಆ ಬಿಂದು ನೆರಳು. ವಕ್ರೀಭವನ ಇರೋ ಗಾಜಿನಲ್ಲಿ ಬೆಳಕು ಬಾಗಿ ಹೋಗ್ತದೆ, ನೇರ ಗೆರೆಯ ಲೆಕ್ಕ ಅಲ್ಲಿ ನಡೆಯೋದಿಲ್ಲ. ಹಾಗಾಗಿ ಗ್ಲಾಸ್ ಮೆಟೀರಿಯಲ್ ಆ ಕಿರಣಕ್ಕೆ ಗೋಡೆಯಷ್ಟೇ ಅಡ್ಡಿ. ಗಾಜಿನ ಮೂಲಕ ಬರೋ ಬಿಸಿಲನ್ನು ಬೇರೆ ದಾರಿಯಲ್ಲಿ, ಕಿರಣಗಳು ಪುಟಿದು ಪುಟಿದು ಆಕಸ್ಮಿಕವಾಗಿ ಸೂರ್ಯನನ್ನು ಮುಟ್ಟಿದಾಗ ಮಾತ್ರ ಹಿಡಿಯೋಕಾಗ್ತದೆ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಅಷ್ಟೇ, ಆ ಆಕಸ್ಮಿಕ ಬಹಳ ಅಪರೂಪ. ನಮ್ಮ ಕಣ್ಣಿನಿಂದ ಹೊರಟ ಕಿರಣ ಗಾಜು ದಾಟಿ ಆಕಾಶ ನೋಡ್ತದೆ, ಅದಕ್ಕೇ ಹೆಂಚು ಹೊಳೀತಿತ್ತು. ನೆಲದಿಂದ ಹೊರಟ ಕಿರಣ ಗಾಜಿಗೆ ಬಡಿದು ನಿಲ್ತಿತ್ತು. ಕಣ್ಣಿಗೆ ಗಾಜು, ಬಿಸಿಲಿಗೆ ಕಲ್ಲು.

ತಾರಸಿಯ ಚಿತ್ರದಲ್ಲಿ ಕಿಟಕಿಗೆ ನಾವು ಗಾಜೇ ಹಾಕಿರ್ಲಿಲ್ಲ! ಬರೀ ಸರಳು, ಹಿಂದೆ ಬಯಲು. ಬಿಸಿಲು ಸಲೀಸಾಗಿ ಒಳಗೆ ಬಂದಿತ್ತು. ಅಂದ್ರೆ ಎರಡು ಮನೆಗಳನ್ನು ಹೋಲಿಸಿ ಅಂತ ಕೊಟ್ಟು, ನಾವು ಎರಡು ಮೆಟೀರಿಯಲ್ ಸೆಟಿಂಗ್‌ಗಳನ್ನು ಹೋಲಿಸಿ ಕೊಟ್ಟಿದ್ದೆವು. ಅದನ್ನು ನಂಬಿ ಒಂದು ಮಾಡು ಇಳಿದುಬಿಡ್ತಿತ್ತು. ಹಳೇ ಪಕ್ಕಾಸು, ರೀಪು ಒಂದು ಸಲ ಕಿತ್ತ ಮೇಲೆ ಅಂಡೂ ಒತ್ತೋಕಾಗೋದಿಲ್ಲ.

ಸರಿಪಡಿಸಿದ್ದು ಹೀಗೆ: ಲೈಟ್ ಪಾತ್ ಅನ್ನೋ ನೋಡ್‌ನಿಂದ 'ಈಸ್ ಶ್ಯಾಡೋ ರೇ' ತಗೊಂಡು ಮಿಕ್ಸ್ ಶೇಡರ್‌ಗೆ ಕೊಟ್ಟೆವು. ನೆರಳಿನ ಕಿರಣ ಬಂದ್ರೆ ಗ್ಲಾಸ್ ಬದಲು ಟ್ರಾನ್ಸ್‌ಪರೆಂಟ್, ಉಳಿದ ಕಿರಣಗಳಿಗೆ ಗ್ಲಾಸೇ. ಇದೂ ಪೂರ್ತಿ ನಿಜವಲ್ಲ, ಗಾಜು ಬೆಳಕನ್ನು ಬಾಗಿಸೋದನ್ನ ಕೈಬಿಟ್ಟ ಹಾಗೆ. ಆದರೆ ಅರ್ಧ ಇಂಚಿಗಿಂತ ತೆಳು ಗಾಜಿನಲ್ಲಿ ಆ ತಪ್ಪು ಬೆರಳಗಲವೂ ಇಲ್ಲ. ಯಾವ ಸುಳ್ಳನ್ನು ಒಪ್ಪಿಕೊಂಡಿದ್ದೇವೆ ಅಂತ ಗೊತ್ತಿದ್ರೆ ಸಾಕು. ಕಿಟಕಿಗೂ ಅದೇ ಗಾಜು ಹಾಕಿದೆವು.

ಈಗ ನಮ್ಮ ತಕರಾರು. ಪ್ರಾಜೆಕ್ಟ್ ರಿವ್ಯೂಗಳಲ್ಲಿ ರೆಂಡರ್ ತೋರಿಸಿದ ಕೂಡ್ಲೆ ಕೋಣೆಯಲ್ಲಿ "ವಾವ್" ಅಂತಾರೆ, ಮುಂದಿನ ಸ್ಲೈಡಿಗೆ ಹೋಗ್ತಾರೆ. ಟೆಕ್ಸ್ಚರಿನ ಅಳತೆ ಎಷ್ಟು ಕೊಟ್ಟಿದ್ದೀರಿ, ಸೂರ್ಯ ಯಾವ ಊರಿಂದು, ಗಾಜಿನ ಕೆಳಗೆ ಬಿಸಿಲು ಯಾಕಿಲ್ಲ ಅಂತ ಒಬ್ಬರೂ ಕೇಳೋದಿಲ್ಲ. ಕೇಳೋದಿಲ್ಲ ಅಂತ ಗೊತ್ತಾದ ಮೇಲೆ ನಾವೂ ನೋಡೋದಿಲ್ಲ. ಗ್ರಾಫ್ ಹಾಕಿದ್ರೆ ಅಕ್ಷಕ್ಕೆ ಯೂನಿಟ್ ಬರೆದಿಲ್ಲ ಅಂತ ಮಾರ್ಕ್ಸ್ ಕಟ್ ಮಾಡ್ತಾರಲ್ಲ, ರೆಂಡರ್‌ಗೆ ಯಾಕಿಲ್ಲ? ಅದೂ ಒಂದು ಲೆಕ್ಕದ ಉತ್ತರವೇ, ಬಣ್ಣ ಹಚ್ಚಿಕೊಂಡು ಬಂದಿದೆ ಅಷ್ಟೇ. ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಬರೆದ ಪಿಎಚ್‌ಡಿ ಪ್ರಬಂಧದಲ್ಲಿ ಟೆಕ್ಸ್ಚರ್ ಮ್ಯಾಪಿಂಗ್ ಮತ್ತು ಝಡ್ ಬಫರ್ ಎರಡೂ ಇವೆ. ಪಾರದರ್ಶಕ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸೋ ಗಣಿತವನ್ನು ಪೋರ್ಟರ್ ಮತ್ತು ಡಫ್ 1984ರಲ್ಲಿ ಪ್ರಕಟಿಸಿದರು. ಇವೆಲ್ಲ ನಮ್ಮ ಅಪ್ಪ ಅಮ್ಮಂದಿರು ಶಾಲೆಗೆ ಹೋಗ್ತಿದ್ದ ಕಾಲದ ವಿಷಯ. ಪರೀಕ್ಷೆಗೆ ಝಡ್ ಬಫರ್ ಬಾಯಿಪಾಠ ಮಾಡಿ ಬರೆದಿದ್ದೇವೆ, ಐದು ಮಾರ್ಕ್ಸ್ ತಗೊಂಡಿದ್ದೇವೆ. ಅದು ಅತಿ ಹತ್ತಿರದ ಒಂದೇ ಮೇಲ್ಮೈಯನ್ನು ಉಳಿಸಿಕೊಳ್ತದೆ, ಆದ್ದರಿಂದ ಅರೆಪಾರದರ್ಶಕ ಮಾಡಿನ ಹಿಂದೆ ಇನ್ನೊಂದು ಅರೆಪಾರದರ್ಶಕ ಕಿಟಕಿ ಇದ್ರೆ, ಬಿಡಿಸೋ ಕ್ರಮ ತಪ್ಪಿದಾಗ ಕಿಟಕಿ ಮಾಯ ಆಗ್ತದೆ ಅಂತ ನಮಗೆ ಹೊಳೆದದ್ದು ಈ ಮಾಡಿನ ಮುಂದೆ ಕೂತಾಗ.

ಎಲ್ಲರೂ ಪ್ರತಿ ರೆಂಡರ್‌ಗೂ ಒಬಿಜೆ ಫೈಲು ಓದಿ ಅಂತ ನಾವು ಹೇಳ್ತಿಲ್ಲ. ಫೆಸ್ಟ್ ಪೋಸ್ಟರಿಗೆ ಒಂದು ಮನೆ ಬೇಕಾದ್ರೆ ಟಿಕ್ ಬಾಕ್ಸ್ ಒತ್ತಿ, ಯಾರ ಗಂಟೂ ಹೋಗೋದಿಲ್ಲ. ಆದರೆ ಯಾರಾದ್ರೂ ಅದನ್ನ ನೋಡಿ ಗೋಡೆ ಒಡೀತಾರೆ, ದುಡ್ಡು ಹಾಕ್ತಾರೆ ಅಂತಾದ್ರೆ, ಕಳಿಸೋ ಮುಂಚೆ ಆ ಚಿತ್ರಕ್ಕೆ ನಿಮಗೆ ಉತ್ತರ ಗೊತ್ತಿರೋ ಒಂದು ಪ್ರಶ್ನೆ ಕೇಳಿ. ಸಾಲು ಎಣಿಸಿ. ನೆರಳು ಯಾವ ಕಡೆ ಬಿದ್ದಿದೆ ನೋಡಿ. ಸೂರ್ಯನ ಸ್ಥಾನ ಲೆಕ್ಕ ಹಾಕುವಾಗ ಐದೂವರೆ ಗಂಟೆಯ ವ್ಯತ್ಯಾಸ ಕೊಡೋದು ಮರೆತರೆ ನೆರಳೇ ಹೇಳಿಬಿಡ್ತದೆ. ಸಾಧ್ಯ ಆದ್ರೆ ಆ ಮನೇಲಿ ಇರೋರಿಗೆ ತೋರಿಸಿ, ಅದೂ ಚಿತ್ರ ಹೇಗಿದೆ ಅಂತ ಕೇಳ್ಬೇಡಿ, ಏನು ತಪ್ಪಿದೆ ಅಂತ ಕೇಳಿ.

ಹೊಸ ಚಿತ್ರಗಳನ್ನು ಮುಂದಿನ ಭಾನುವಾರ ಕಳಿಸಿದೆವು. ಹಳೇದು ಯಾಕೆ ತಪ್ಪಾಗಿತ್ತು ಅಂತ ದೊಡ್ಡಪ್ಪನಿಗೆ ವಿವರಿಸಿ, ಕ್ಷಮೆಯನ್ನೂ ಕೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಹಂಗಾದ್ರೆ ಮಂಗಂಗೆ ಎಂಥ ಮಾಡೂದು, ಅದನ್ನ ಹೇಳಿ" ಅಂದ್ರು. ಅದಕ್ಕೆ ನಮ್ಮ ಹತ್ರ ಉತ್ತರ ಇರ್ಲಿಲ್ಲ. ತಾರಸಿಯ ಮಾತು ಇನ್ನೂ ಮುಗಿದಿಲ್ಲ, ದೀಪಾವಳಿಗೆ ಎಲ್ಲ ಸೇರಿದಾಗ ನೋಡೋಣ ಅಂತಿದ್ದಾರೆ.

ಅಜ್ಜಿ ಚಿತ್ರವನ್ನು ಬಹಳ ಹೊತ್ತು ನೋಡಿದ್ರಂತೆ. ಬಿಸಿಲಿನ ಚೌಕ ಬಂದಿದೆ ಅಂತ ಒಪ್ಪಿಕೊಂಡ್ರು. ಆಮೇಲೆ ಫೋನ್ ತಗೊಂಡು, "ಆದ್ರೆ ಚೌಕ ಒಲೆಯಿಂದ ಆಚೆ ಹೋಗಿದೆಯಲ್ಲ, ಗಾಜಿನ ಹೆಂಚು ಒಂದು ಸಾಲು ಮೇಲೆ ಇಟ್ಟಿದ್ದೀರಿ" ಅಂದ್ರು. ಊರಿಂದ ಬಂದ ಫೋಟೋ ತೆಗೆದು ಮತ್ತೆ ಎಣಿಸಿದೆವು. ಹೌದು, ಒಂದು ಸಾಲು ಮೇಲಿತ್ತು.